ಡಬ್ಬದ ಮೇಲೆ 300ಇಆರ್, ಒಳಗೆ ಬರೀ 300: ದಾವಣಗೆರೆಯಲ್ಲಿ ತಗೊಂಡ ವಿಮಾನದ ಕಿಟ್

ಮಗಳ ಬೇಸಿಗೆ ರಜೆಗೆ ಅಂತ ಪಿ.ಜೆ. ಬಡಾವಣೆಯ ಒಂದು ಅಂಗಡಿಯಲ್ಲಿ ಬೋಯಿಂಗ್ 777-300ಇಆರ್ (ಇಆರ್ ಅಂದ್ರೆ ಎಕ್ಸ್‌ಟೆಂಡೆಡ್ ರೇಂಜ್, ಜಾಸ್ತಿ ದೂರ ಹಾರೋದು) ವಿಮಾನದ ಪ್ಲಾಸ್ಟಿಕ್ ಕಿಟ್ ತಗೊಂಡೆ. ಬಿಡಿಭಾಗ ಅಂಟಿಸಿ ಜೋಡಿಸೋದು. ಅಳತೆ 1:200, ಅಂದ್ರೆ ನಿಜವಾದ ವಿಮಾನದ ಇನ್ನೂರರಲ್ಲೊಂದು ಪಾಲು, ಬೆಲೆ 1,850 ರೂಪಾಯಿ. ಹದಿನೈದು ದಿನ ಇದರ ಮುಂದೆ ಕೂತಿದ್ದೀವಿ, ಹಾಗಾಗಿ ತಗೊಳ್ಳೋರಿಗೆ ವಿಷಯ ಸರಿಯಾಗಿ ಗೊತ್ತಾಗಲಿ ಅಂತ ಬರೀತಿದ್ದೇನೆ.

ಮೊದಲು ಒಳ್ಳೇದು ಹೇಳ್ತೀನಿ. ಪ್ಲಾಸ್ಟಿಕ್ ಗಟ್ಟಿಯಾಗಿದೆ, ಎಲ್ಲೂ ಸೊಟ್ಟಗಿಲ್ಲ. ಮೈಯ ಎರಡು ಅರ್ಧ ಸೇರಿಸಿದರೆ ಕೂದಲೆಳೆ ಸಂದು ಮಾತ್ರ ಕಾಣುತ್ತೆ, ಎಮರಿ ಪೇಪರ್‌ನಲ್ಲಿ ನಾಲ್ಕು ಸಲ ಉಜ್ಜಿದರೆ ಅದೂ ಹೋಗುತ್ತೆ. ಚಕ್ರ ನೋಡಿ ನನಗೆ ನಿಜಕ್ಕೂ ಖುಷಿ ಆಯ್ತು. 777ರ ಹೊಟ್ಟೆ ಕೆಳಗೆ ಎರಡು ದೊಡ್ಡ ಕಾಲು, ಒಂದೊಂದಕ್ಕೆ ಆರು ಚಕ್ರ. ಕಿಟ್‌ನಲ್ಲಿ ಆ ಹನ್ನೆರಡೂ ಬೇರೆ ಬೇರೆ ಕೊಟ್ಟಿದ್ದಾರೆ, ಕಡ್ಲೆಬೇಳೆಯಷ್ಟು ಚಿಕ್ಕವು, ಆದರೂ ನಡುವಿನ ಗುಂಡಿ ಸಮೇತ. ಒಂದು ಮಾತು ನೆನಪಿಡಿ, ಮೂಗಿನೊಳಗೆ ಭಾರ ಹಾಕದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತೆ. ಸೂಚನೆ ಹಾಳೆಯಲ್ಲಿ ಇದನ್ನ ಹೇಳೇ ಇಲ್ಲ. ನನ್ನದು ಲೇತ್ ವರ್ಕ್‌ಶಾಪ್, ಹಳೇ ಬೇರಿಂಗ್‌ನ ಗುಂಡು ಹಾಕಿ ಅಂಟು ಸುರಿದೆ, ಸರಿ ಹೋಯ್ತು. ಸ್ಟಿಕ್ಕರ್ ನೀರಲ್ಲಿ ನೆನೆಸಿ ಜಾರಿಸಿ ಕೂರಿಸೋ ಥರದ್ದು, ತೆಳ್ಳಗಿದೆ, ಕಿಟಕಿ ಸಾಲು ಒಂದೂ ಹರಿಯಲಿಲ್ಲ.

ಈಗ ತಪ್ಪಿನ ವಿಷಯ.

ಮಗಳಿಗೆ 777ರ ಹುಚ್ಚು ಬಂದಿದ್ದಕ್ಕೆ ಕಾರಣ ಇದೆ. ನನ್ನ ತಂಗಿ ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಲ್ಲಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಬರೋ ವಿಮಾನ ಶುರು ಮಾಡಿತಲ್ವಾ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತೆ ಅವರ ಜೊತೆಯ ಪೈಲಟ್‌ಗಳು, ಎಲ್ಲಾ ಹೆಣ್ಣುಮಕ್ಕಳೇ, ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದಿದ್ದು, ಆ ವಿಮಾನ 777-200ಎಲ್‌ಆರ್ (ಎಲ್‌ಆರ್ ಅಂದ್ರೆ ಲಾಂಗ್ ರೇಂಜ್, ಬಹಳ ದೂರ ಹಾರೋದು). ಅವತ್ತಿಂದ ಇವಳ ಬಾಯಲ್ಲಿ ಅದೇ. ಅಂಗಡಿಯಲ್ಲಿ 200ಎಲ್‌ಆರ್ ಇರಲಿಲ್ಲ. "300ಇಆರ್ ತಗೊಳ್ಳೋಣ ಅಪ್ಪಾಜಿ, ಎರಡಕ್ಕೂ ರೆಕ್ಕೆ ಒಂದೇ" ಅಂದಳು. ಅವಳು ಹೇಳಿದ್ದು ಸರಿ. ತಪ್ಪಿದ್ದು ಡಬ್ಬ.

777ರ ಕಥೆ ಗೊತ್ತಿದ್ದರೆ ಇದು ಅರ್ಥ ಆಗುತ್ತೆ. ಬೋಯಿಂಗ್‌ನವರು ಮೊದಲು 767ನ್ನೇ ಹಿಗ್ಗಿಸಿ ಮಾರೋಣ ಅಂತಿದ್ದರು. ವಿಮಾನ ಕಂಪನಿಗಳಿಗೆ ಅದು ಹಿಡಿಸಲಿಲ್ಲ, ಮೈ ಇನ್ನೂ ಅಗಲ ಬೇಕು ಅಂದವು. ಹಾಗಾಗಿ ಹೊಸದಾಗಿಯೇ ಮಾಡಿದರು, ಪೂರಾ ಕಂಪ್ಯೂಟರಿನಲ್ಲೇ ನಕ್ಷೆ ಬರೆದು. ಮೊದಲ ಹಾರಾಟ 1994ರ ಜೂನ್ 12. ಮಾರನೇ ವರ್ಷ ಜೂನ್‌ನಲ್ಲಿ ಯುನೈಟೆಡ್ ಕಂಪನಿ ಜನರನ್ನ ಕೂರಿಸಿಕೊಂಡು ಹಾರಿಸಿತು. ಅದು 777-200. ಆಮೇಲೆ ಜಾಸ್ತಿ ಇಂಧನ ತುಂಬಿಕೊಳ್ಳೋ 200ಇಆರ್ ಬಂತು. 1998ರಲ್ಲಿ ಮೈಯನ್ನ 10 ಮೀಟರ್ ಉದ್ದ ಮಾಡಿ 300 ಅಂದರು. ಉದ್ದ 73.9 ಮೀಟರ್, ಒಂದೊಂದು ಪಕ್ಕಕ್ಕೆ ನಾಲ್ಕು ಬಾಗಿಲ ಬದಲು ಐದು. ಆದರೆ ರೆಕ್ಕೆ ಹಳೇದೇ, ಈ ತುದಿಯಿಂದ ಆ ತುದಿಗೆ 60.9 ಮೀಟರ್.

2004ರಲ್ಲಿ ಬಂದ 300ಇಆರ್ ಅಂದ್ರೆ ಅದೇ ಮೈಗೆ ಬೇರೆ ರೆಕ್ಕೆ, ಬೇರೆ ಎಂಜಿನ್. ರೆಕ್ಕೆಯ ತುದಿಯನ್ನ ಹಿಂದಕ್ಕೆ ಕುಡುಗೋಲಿನ ಹಾಗೆ ಚೂಪಾಗಿ ಎಳೆದು 64.8 ಮೀಟರ್ ಮಾಡಿದರು. ಎಂಜಿನ್ ಜಿಇ90-115ಬಿ ಒಂದೇ, ಬೇರೆ ಆಯ್ಕೆ ಇಲ್ಲ. ಅದರ ಮುಂದಿನ ಫ್ಯಾನ್ ಅಡ್ಡಳತೆ 3.25 ಮೀಟರ್, ಒಬ್ಬರ ಮೇಲೆ ಒಬ್ಬರು ನಿಂತರೂ ಹೆಚ್ಚುಕಡಿಮೆ ಹಿಡಿಸಬಹುದು. ಇದೇ ರೆಕ್ಕೆ, ಇದೇ ಜಾತಿ ಎಂಜಿನ್ ಹಾಕಿಕೊಂಡ 200ಎಲ್‌ಆರ್ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಸುತ್ತುದಾರಿಯಲ್ಲಿ 21,602 ಕಿ.ಮೀ. ಒಂದೇ ಉಸಿರಿಗೆ ಹಾರಿ ದಾಖಲೆ ಮಾಡಿತು. ನನ್ನ ತಂಗಿ ಊರಿಂದ ಬೆಂಗಳೂರಿಗೆ ಇಳಿಯದೆ ಬರೋದು ಸಾಧ್ಯ ಆಗಿದ್ದು ಕೂಡ ಇದರಿಂದಲೇ.

ಇಷ್ಟು ಗೊತ್ತಿರೋ ಹುಡುಗಿ ರೆಕ್ಕೆ ಕೈಗೆತ್ತಿಕೊಂಡು ಸುಮ್ಮನಾದಳು. "ಅಪ್ಪಾಜಿ, ತುದಿ ಮೊಂಡಾಗಿದೆ" ಅಂದಳು. ವರ್ನಿಯರ್, ಉಕ್ಕಿನ ಸ್ಕೇಲು ತಂದು ಅಳೆದೆ. ಮೈ ಉದ್ದ 37 ಸೆಂಟಿಮೀಟರ್, 200ರಿಂದ ಗುಣಿಸಿ, ಸರಿಯಿದೆ. ರೆಕ್ಕೆ 32.4 ಸೆಂಟಿಮೀಟರ್ ಇರಬೇಕಿತ್ತು, ಬಂದಿದ್ದು 30.5. ಎಂಜಿನ್ ಬಾಯಿಗೆ ವರ್ನಿಯರ್ ಇಟ್ಟೆ. 16 ಮಿಲಿಮೀಟರ್ ದಾಟಬೇಕಿದ್ದ ಕಡೆ 14. ಆ 14 ಹಳೇ 300ಕ್ಕೆ ಹಾಕ್ತಿದ್ದ ರೋಲ್ಸ್ ರಾಯ್ಸ್ ಟ್ರೆಂಟ್ 800ಕ್ಕೆ ಸರಿಯಾಗಿ ಹೊಂದುತ್ತೆ. ಅಂದ್ರೆ ಅಚ್ಚಿನಲ್ಲಿ ತಪ್ಪಿಲ್ಲ, ಒಂದು ಚೂರೂ ಇಲ್ಲ. 777-300ರ ಬಹಳ ಒಳ್ಳೇ ಅಚ್ಚು ಅದು. ಡಬ್ಬದ ಮೇಲೆ, ಸ್ಟಿಕ್ಕರ್ ಮೇಲೆ ಇಆರ್ ಅನ್ನೋ ಎರಡಕ್ಷರ ಸೇರಿಸಿ ಮಾರ್ತಿದ್ದಾರೆ. ಇದು ನನಗೆ ಬೇಜಾರು. ಹೆಸರಿನಲ್ಲಿ ಎರಡಕ್ಷರ, ಆದರೆ ಅದರ ಹಿಂದೆ ಎಷ್ಟು ಜನ ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದಾರೆ, ಮಗು ಅದನ್ನ ಓದಿ ತಿಳ್ಕೊಂಡು ಆಸೆಯಿಂದ ಡಬ್ಬ ಬಿಚ್ಚಿರುತ್ತೆ.

ಅಂಗಡಿಯವರ ಬಗ್ಗೆ ಮಾತ್ರ ಒಳ್ಳೇ ಮಾತೇ ಹೇಳಬೇಕು. ಮಾರನೇ ದಿನ ರೆಕ್ಕೆ ಹಿಡ್ಕೊಂಡು ಹೋದ್ವಿ. ಜಗಳ ಮಾಡಲಿಲ್ಲ, ಜಾರಿಕೊಳ್ಳಲೂ ಇಲ್ಲ. ಮಗಳ ಫೋನಿನಲ್ಲಿ ನಿಜವಾದ ವಿಮಾನದ ಫೋಟೋ ನೋಡಿದರು, ರೆಕ್ಕೆ ತಿರುಗಿಸಿ ನೋಡಿದರು. "ಹೌದ್ರೀ ಅಣ್ಣಾ, ಪಾಪು ಹೇಳೋದು ಖರೇ ಐತಿ, ದುಡ್ಡು ವಾಪಸ್ ಕೊಡ್ತೀನಿ ತಗೊಳ್ರಿ" ಅಂದರು. ಅರ್ಧ ಅಂಟಿಸಿ ಆಗಿತ್ತು, ದುಡ್ಡು ಬೇಡ ಅಂದೆವು. ಒಂದು ಅಂಟಿನ ಟ್ಯೂಬು ಸುಮ್ನೆ ಕೊಟ್ಟರು. ಉಳಿದಿದ್ದ ಎರಡು ಡಬ್ಬದ ಮೇಲೆ ಇಆರ್ ಅಕ್ಷರಕ್ಕೆ ನಮ್ಮೆದುರೇ ಬಿಳಿ ಪಟ್ಟಿ ಅಂಟಿಸಿದರು.

ನಾವು ಈಗ ಮಾಡ್ತಿರೋದು ಹೀಗೆ. ರೆಕ್ಕೆ ಸರಿಯಾದ ಉದ್ದಕ್ಕೆ ಬರೋಕೆ ಒಂದೊಂದು ಕಡೆಗೆ 10 ಮಿಲಿಮೀಟರ್‌ಗೆ ಒಂಚೂರು ಕಮ್ಮಿ ಸೇರಿಸಬೇಕು. ಮಗಳು ಸ್ವೀಟ್ ಡಬ್ಬದ ಮುಚ್ಚಳದಿಂದ ಎರಡು ತುದಿ ಕತ್ತರಿಸಿ, ಉಜ್ಜಿ ಇಳಿಜಾರು ಮಾಡಿ ಅಂಟಿಸಿದ್ದಾಳೆ. ಎಡಗಡೆಯದು ಚೆನ್ನಾಗಿ ಕೂತಿದೆ, ಬಲಗಡೆಯದು ಇನ್ನೊಂದು ಸಲ ಮಾಡಬೇಕು. ಎಂಜಿನ್‌ಗೆ ದಾರಿ ಸಿಕ್ಕಿಲ್ಲ.

ನಿಮಗೆ ಹಳೇ 777-300 ಸಾಕು ಅಂದ್ರೆ ಈ ಬೆಲೆಗೆ ಧೈರ್ಯವಾಗಿ ತಗೊಳ್ಳಿ, ಐದಕ್ಕೆ ನಾಲ್ಕೂವರೆ ಕೊಡ್ತೀನಿ. 300ಇಆರ್ ಅಂತಲೇ ಬೇಕಿದ್ದರೆ ಎರಡಕ್ಕಿಂತ ಜಾಸ್ತಿ ಕೊಡೋಕಾಗಲ್ಲ. ಎಲ್ಲೇ ತಗೊಂಡರೂ ಡಬ್ಬ ತೆಗೆಸಿ ರೆಕ್ಕೆಯ ತುದಿ ಚೂಪಾಗಿದೆಯಾ ನೋಡಿ. ಹುಬ್ಬಳ್ಳಿ, ಬೆಂಗಳೂರು ಕಡೆ 1:200 ಅಳತೆಯ ಜಿಇ90 ಎಂಜಿನ್ ಬಿಡಿಯಾಗಿ ಸಿಗೋ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ. ಒಂದು ಜೊತೆ ಬೇಕು, ಬಾಯಿ 16 ಮಿಲಿಮೀಟರ್ ಇರಬೇಕು.