ಬೆನ್ನುಮೂಳೆ ರಿಸರ್ಚ್‌ಗೆ ಡಾಕ್ಟರ್ ಆಗೋದಾ, ಇಂಜಿನಿಯರ್ ಆಗೋದಾ?

ನಮ್ ಕಲಬುರಗಿ ಕಡೆ ತೊಗರಿ ರಾಶಿ ಮುಗಿದ್ಮ್ಯಾಲ ನಮ್ಮವ್ವ ಬಾಗಿಲ ಚೌಕಟ್ಟು ಹಿಡ್ಕೊಂಡೇ ಏಳ್ತಾಳ, ಆಕಿ ಎಂಆರ್‌ಐ ಫಿಲ್ಮ್ ಕಿಟಕಿ ಬೆಳಕಿಗಿ ಹಿಡಿದು ನೋಡಿದಾಗ ಕೆಳಗಿನ ಒಂದು ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನ ಗಾದಿ) ಕಪ್ಪಗ ಕಾಣ್ತಿತ್ತು, ಅಂದ್ರ ನೀರಿನಂಶ ಆರಿದ್ದು. ಹಿಂಗ ಯಾಕಾಗ್ತದ ಅಂತ ಹುಡುಕೋ ಕೆಲಸಕ್ಕ ಎರಡು ದಾರಿ ಅದಾವ.

ಡಾಕ್ಟರ್ ದಾರಿ ಅಂದ್ರ ನೀಟ್ ಬರೆದು ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಮತ್ತ ನೀಟ್ ಪಿಜಿ, ಆರ್ಥೋ (ಎಲುಬು-ಕೀಲು) ಎಂಎಸ್ 3 ವರ್ಷ, ಆಮ್ಯಾಲ ಸ್ಪೈನ್ ಫೆಲೋಶಿಪ್, ಅಂದ್ರ ಬೆನ್ನುಮೂಳೆದ್ದೇ ಹೆಚ್ಚಿನ ತರಬೇತಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಅದಾವ, 371ಜೆ (ಕಲ್ಯಾಣ ಕರ್ನಾಟಕದವ್ರಿಗಿ ಇರೋ ಮೀಸಲಾತಿ) ಸರ್ಟಿಫಿಕೇಟ್ ಮೊದ್ಲೇ ಮಾಡಿಸ್ಕೋರಿ. ಪೇಷಂಟ್ ಎದುರಿಗೇ ಇರ್ತಾರ, ಪ್ರಶ್ನೆ ಅಲ್ಲೇ ಹುಟ್ತದ, ಆದ್ರ ಓಪಿಡಿ, ಆಪರೇಷನ್ ನಡುವ ರಿಸರ್ಚ್‌ಗೆ ಟೈಮ್ ಸಿಗೋದು ಭಾಳ ಕಷ್ಟ.

ಇಂಜಿನಿಯರ್ ದಾರಿ ಬ್ಯಾರೆ. ಮೆಕ್ಯಾನಿಕಲ್ ಬಿಇ 4 ವರ್ಷ, ಗೇಟ್ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿಯಂಥಾ ಕಡೆ ಬಯೋಮೆಕಾನಿಕ್ಸ್ (ದೇಹದ ಮ್ಯಾಲ ಬೀಳೋ ಬಲ, ಅದರ ಚಲನೆ ಲೆಕ್ಕ ಹಾಕೋ ವಿಷಯ) ಪಿಎಚ್‌ಡಿ. ಡಿಸ್ಕ್ ಮ್ಯಾಲ ಎಷ್ಟು ಭಾರ ಬೀಳ್ತದ, ಬಗ್ಗಿದಾಗ ಎಷ್ಟು ಏರ್ತದ ಅಂತ ಕಂಪ್ಯೂಟರ್ ಮಾಡೆಲ್‌ನಾಗ ಲೆಕ್ಕ ಹಾಕೋದು, ಸ್ಕ್ರೂ, ಇಂಪ್ಲಾಂಟ್ ಮುರಿಯೋವರೆಗೂ ಟೆಸ್ಟ್ ಮಾಡೋದು. ಜೆಆರ್‌ಎಫ್ (ರಿಸರ್ಚ್ ಮಾಡೋರಿಗಿ ಕೊಡೋ ಫೆಲೋಶಿಪ್) ಇದ್ರ ತಿಂಗಳಿಗಿ 37,000 ರೂಪಾಯಿ ಬರ್ತದ, ಮನಿ ಮ್ಯಾಲ ಭಾರ ಕಮ್ಮಿ. ಆದ್ರ ಪೇಷಂಟ್ ಡೇಟಾ ಬೇಕಂದ್ರ ಡಾಕ್ಟರ್ ಜೊತಿ ಸೇರಲೇಬೇಕು.

ನನ್ನ ಕೇಳಿದ್ರ, ಆಪರೇಷನ್ ಮಾಡೋ ಆಸೆ ಇಲ್ಲಂದ್ರ ಎರಡನೇದೇ ಹಿಡೀರಿ. ಎರಡೂ ಬ್ಯಾಡಂದ್ರ ಫಿಸಿಯೋಥೆರಪಿ ಡಿಗ್ರಿ (ಬಿಪಿಟಿ), ಆಮ್ಯಾಲ ಮಾಸ್ಟರ್ಸ್ (ಎಂಪಿಟಿ) ಮಾಡಿನೂ ಪಿಎಚ್‌ಡಿಗೆ ಹೋಗಬಹುದು, ಹೊಲದಾಗ ಬಗ್ಗೋ ರೀತಿ ಮ್ಯಾಲ ಸ್ಟಡಿ ಮಾಡಾಕ ಅವ್ರಿಗಿಂತ ಸರಿಯಾದವ್ರು ಯಾರೂ ಇಲ್ಲ.