ಶಾಲೆಯ ಕ್ಯಾಮೆರಾಗೆ ಎಷ್ಟು ಟಿಬಿ ಬೇಕು? ಎಸ್.ಪಿ. ರಸ್ತೆಯ ಈ ಅಂಗಡಿ ಅಳೆದು ಹೇಳಿತು

ಐದಕ್ಕೆ ನಾಲ್ಕೂವರೆ ಸ್ಟಾರ್. ಸಿಸಿಟಿವಿ ಅಂಗಡಿಗೆ ಇಷ್ಟು ಕೊಡುವವಳಲ್ಲ ನಾನು. ಆದರೆ ಡಿಸ್ಕ್ ಮಾರುವ ಮುಂಚೆ ಲೆಕ್ಕ ಹಾಕಿ ತೋರಿಸಿದ ಅಂಗಡಿ ನಾನು ನೋಡಿದ್ದು ಇದೊಂದೇ.

ಬೆಂಗಳೂರಿನ ನಾಗರಬಾವಿ ಕಡೆಯ ಒಂದು ಶಾಲೆಯ ಆಫೀಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 16 ಕ್ಯಾಮೆರಾ ಇವೆ, ಎಲ್ಲವೂ 2 ಮೆಗಾಪಿಕ್ಸೆಲ್‌ನವು. ರೆಕಾರ್ಡರ್ ಬದಲಿಸಬೇಕಾಗಿ ಬಂದಾಗ ನಮ್ಮ ಏರಿಯಾದ ಒಬ್ಬ ವೆಂಡರ್, "ಮೋಷನ್ ರೆಕಾರ್ಡಿಂಗ್ ಅಲ್ವಾ ಮೇಡಂ, 2 ಟಿಬಿ ಸಾಕು, ಒಂದು ತಿಂಗಳು ಆರಾಮಾಗಿ ಬರುತ್ತೆ" ಎಂದು ಕೊಟೇಶನ್ ಕೊಟ್ಟುಬಿಟ್ಟರು. ಮೋಷನ್ ರೆಕಾರ್ಡಿಂಗ್ ಅಂದರೆ ಕ್ಯಾಮೆರಾ ಮುಂದೆ ಏನಾದರೂ ಅಲ್ಲಾಡಿದಾಗ ಮಾತ್ರ ರೆಕಾರ್ಡ್ ಆಗುವುದು; 1 ಟಿಬಿ ಅಂದರೆ ಸಾವಿರ ಜಿಬಿ ಜಾಗ. ಅವರು ಒಂದು ಕ್ಯಾಮೆರಾವನ್ನೂ ತಿರುಗಿ ನೋಡಿರಲಿಲ್ಲ.

ನಮಗೆ 30 ದಿನ ಬೇಕೇ ಬೇಕು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕಾಯ್ದೆ ಅಷ್ಟು ದಿನದ ದೃಶ್ಯ ಇಟ್ಟುಕೊಳ್ಳಿ ಎನ್ನುತ್ತದೆ. ಕಾಯ್ದೆ ಬಿಡಿ, ಶಾಲೆಯಲ್ಲಿ ಏನಾಯ್ತು ಅಂತ ಪುಟ್ಟ ಮಗು ಮನೆಯಲ್ಲಿ ಬಾಯಿ ಬಿಡುವುದಕ್ಕೇ ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಅಮ್ಮ ಅಪ್ಪ ಬಂದು ಕೇಳುವಾಗ "ಅಳಿಸಿಹೋಗಿದೆ" ಎಂದು ಹೇಳುವ ಸ್ಥಿತಿ ಯಾವ ಶಾಲೆಗೂ ಬೇಡ.

ಈ ಅಂಗಡಿಯವರು ಕೊಟೇಶನ್‌ನ ಹಿಂಬದಿಯಲ್ಲೇ ಬರೆದು ತೋರಿಸಿದರು. ಎಚ್.265 ಎಂಬ, ವಿಡಿಯೋ ಕುಗ್ಗಿಸುವ ವಿಧಾನದಲ್ಲಿ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಂಟರಿಂದ ಭಾಗಿಸಿದರೆ ಕಾಲು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್. ಅಲ್ಲಿಗೆ ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ. ಹದಿನಾರಕ್ಕೆ ಸುಮಾರು 346 ಜಿಬಿ, 30 ದಿನಕ್ಕೆ 10 ಟಿಬಿ ದಾಟುತ್ತದೆ. ಇದು ಬಿಡದೆ ರೆಕಾರ್ಡ್ ಮಾಡಿದರೆ. ಹಳೇ ಎಚ್.264 ಕ್ಯಾಮೆರಾ ಆದರೆ ಇದೇ ಕ್ವಾಲಿಟಿಗೆ ಹೆಚ್ಚುಕಮ್ಮಿ ಎರಡರಷ್ಟು.

"ಮೋಷನ್ ಹಾಕಿದರೆ ಎಷ್ಟು ಉಳಿಯುತ್ತೆ ಸರ್?" ಎಂದು ಕೇಳಿದೆ. "ಅದು ನಿಮ್ಮ ಶಾಲೆ ಹೇಳಬೇಕು ಮೇಡಂ, ನಾನಲ್ಲ" ಎಂದು ಅವರದೇ ಒಂದು ಡಿಸ್ಕ್ ಹಾಕಿಕೊಟ್ಟು, ಒಂದು ವಾರ ಓಡಿಸಿ ನೋಡಿ ಎಂದರು. ಅದಕ್ಕೆ ಒಂದು ಪೈಸೆ ತಗೊಳ್ಳಲಿಲ್ಲ.

ಆ ವಾರದ ಲೆಕ್ಕ ಕಣ್ಣು ತೆರೆಸಿತು. ಲ್ಯಾಬ್, ಸ್ಟೋರ್ ಕಡೆಯ ನಾಲ್ಕು ಕ್ಯಾಮೆರಾ ದಿನಕ್ಕೆ ತಲಾ 2 ಜಿಬಿ ಆಸುಪಾಸು. ಕಾರಿಡಾರ್, ಮೆಟ್ಟಿಲಿನ ಹತ್ತು ಕ್ಯಾಮೆರಾ ತಲಾ 8 ಜಿಬಿ, ಯಾಕೆಂದರೆ ಶಾಲೆ ನಡೆಯುವಷ್ಟು ಹೊತ್ತೂ ಮಕ್ಕಳ ಓಡಾಟ ನಿಲ್ಲುವುದೇ ಇಲ್ಲ. ಗೇಟಿನ ಎರಡು ಮಾತ್ರ ತಲಾ 20 ಜಿಬಿ! ಅಂದರೆ ಮೋಷನ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಒಟ್ಟು ದಿನಕ್ಕೆ 128 ಜಿಬಿ. ಆ ವೆಂಡರ್ ಹೇಳಿದ 2 ಟಿಬಿ ಹದಿನೈದು ದಿನಕ್ಕೆ ತುಂಬಿಹೋಗುತ್ತಿತ್ತು.

ಗೇಟಿನದ್ದು ಯಾಕೆ ಹಾಗೆ ಅಂತ ನೋಡಲು ಅಂಗಡಿಯ ಹುಡುಗ ಶಾಲೆಗೇ ಬಂದ. ಚಲನೆಯನ್ನು ಎಲ್ಲೆಲ್ಲಿ ಗಮನಿಸಬೇಕು ಎಂದು ಗುರುತಿಸುವ ಕೆಂಪು ಚೌಕಗಳ ಜಾಲವನ್ನು ಸ್ಕ್ರೀನ್ ಮೇಲೆ ತೆರೆದ. ಗೇಟಿನ ಪಕ್ಕದ ಹೊಂಗೆ ಮರದ ಕೊಂಬೆ ಅಲ್ಲಾಡಿದರೂ ರೆಕಾರ್ಡಿಂಗ್ ಶುರು. ಹಿಂದೆ ರಸ್ತೆಯಲ್ಲಿ ರಾತ್ರಿಯೆಲ್ಲ ಗಾಡಿಗಳ ಹೆಡ್‌ಲೈಟ್. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಮುತ್ತುವ ಹುಳುಗಳು ಬೇರೆ. ಮರ, ರಸ್ತೆಯ ಮೇಲಿನ ಚೌಕಗಳನ್ನು ಒಂದೊಂದಾಗಿ ಅಳಿಸಿದ. ಕಾಂಪೌಂಡ್ ಗೋಡೆಯ ಮೇಲಿನ ಸಾಲನ್ನು ಮಾತ್ರ ಮುಟ್ಟಲಿಲ್ಲ. "ಹತ್ತಿ ಇಳಿಯೋರು ಇಲ್ಲೇ ತಾನೆ ಮೇಡಂ ಬರೋದು" ಎಂದ. ಲೆನ್ಸ್ ಮುಂದೆ ಕಟ್ಟಿದ್ದ ಜೇಡರ ಬಲೆಯನ್ನೂ ಬಟ್ಟೆಯಿಂದ ಒರೆಸಿದ. ಈಗ ಗೇಟಿನವು 9 ಜಿಬಿಗೆ ಇಳಿದಿವೆ.

ಇನ್ನೊಂದು ಒಳ್ಳೆಯ ಕೆಲಸ, ಚಲನೆ ಗೊತ್ತಾಗುವ 5 ಸೆಕೆಂಡ್ ಮುಂಚಿನಿಂದ, ನಿಂತ 30 ಸೆಕೆಂಡ್ ನಂತರದವರೆಗೂ ಉಳಿಯುವಂತೆ ಸೆಟ್ ಮಾಡಿದ್ದು. ಜಾಗ ಸ್ವಲ್ಪ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಅದಿಲ್ಲದಿದ್ದರೆ ಮಗು ಬಿದ್ದ ಮೇಲಿನ ದೃಶ್ಯ ಸಿಗುತ್ತದೆ, ಯಾಕೆ ಬಿತ್ತು ಅನ್ನುವುದು ಸಿಗುವುದಿಲ್ಲ.

ಕೊನೆಗೆ 6 ಟಿಬಿ ಡಿಸ್ಕ್ ತಗೊಂಡೆವು. 4 ಟಿಬಿ ಲೆಕ್ಕಕ್ಕೆ ಸಾಕಿತ್ತು, ಆದರೆ ವಾರ್ಷಿಕೋತ್ಸವ, ಕ್ರೀಡಾದಿನ ಬಂದರೆ ಇಡೀ ದಿನ ಎಲ್ಲ ಕ್ಯಾಮೆರಾಗೂ ಬಿಡುವಿರುವುದಿಲ್ಲ. ಹಗಲೂ ರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದ ಸರ್ವೆಲೆನ್ಸ್ ಡಿಸ್ಕನ್ನೇ ಕೊಟ್ಟರು. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಬೇಡ ಎಂದು ಅವರೇ ತಡೆದರು, ಅದು ಅಗ್ಗವಾಗಿದ್ದರೂ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಜಿಎಸ್‌ಟಿ ಬಿಲ್‌ಗೆ. ಕೇಳಿ ಕೇಳಿ ಸಾಕಾದ ಮೇಲೆ ಕಳಿಸಿದರು, ಶಾಲೆಯ ಆಡಿಟ್‌ಗೆ ಅದಿಲ್ಲದೆ ನಡೆಯುವುದಿಲ್ಲ. ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ನಡೆದುಬನ್ನಿ. ಬರುವಾಗ ಕ್ಯಾಮೆರಾಗಳ ಮಾಡೆಲ್ ನಂಬರ್, ಯಾವ ಕ್ಯಾಮೆರಾ ಎಲ್ಲಿದೆ ಎಂಬ ಪಟ್ಟಿ, ರಾತ್ರಿ ಹೊತ್ತಿನ ಒಂದೊಂದು ಫೋಟೋ ಇಟ್ಟುಕೊಂಡಿರಿ. ಮೊದಲು ಕೇಳುವುದೇ ಅವನ್ನು.