ಡಬಲ್ ಬೀನ್ಸ್: ಹಸಿಯೋ, ಒಣಗಿದ್ದೋ, ಫ್ರೀಜರಿನದ್ದೋ?

ದಾವಣಗೆರೆಯ ಅಂಗಡಿಯಲ್ಲಿ ಲಿಮಾ ಬೀನ್ಸ್ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಡಬಲ್ ಬೀನ್ಸ್ ಅನ್ನಿ, ತಕ್ಷಣ ತೂಗಿ ಕೊಡುತ್ತಾರೆ. ಹೋದ ತಿಂಗಳು ಒಂದೇ ಪಲ್ಯವನ್ನು ಮೂರು ಥರದ ಕಾಳಲ್ಲಿ ಮಾಡಿ ನೋಡಿದೆ. ಜೊತೆಗೆ ಜೋಳದ ರೊಟ್ಟಿ.

ರುಚಿಗೆ ಹಸಿ ಕಾಳೇ. ಒಂದೇ ಸೀಟಿಗೆ ಬೆಂದು, ನಾಲಿಗೆಗೆ ಹಿಟ್ಟುಹಿಟ್ಟಾಗಿ ಕರಗಿತು. ಆದರೆ ಸುಲಿದ ಕಾಳು ಫ್ರಿಜ್ಜಿನಲ್ಲಿ ಮೂರನೇ ದಿನಕ್ಕೇ ಅಂಟಂಟಾಯಿತು. ಸುಲಿಯುವಾಗ ಹಸಿದನ್ನೇ ಬಾಯಿಗೆ ಹಾಕಿಕೊಳ್ಳಬೇಡಿ. ಇದರಲ್ಲಿ ಲಿನಮರಿನ್ ಅನ್ನುವ ವಸ್ತು ಇದೆ, ಅದು ಸೈನೈಡ್ ವಿಷ ಬಿಡುತ್ತದೆ. ಚೆನ್ನಾಗಿ ಬೇಯಿಸಿದರೆ ಭಯವಿಲ್ಲ. ನಾನು ಮೊದಲು ಹತ್ತು ನಿಮಿಷ ಮುಚ್ಚಳ ತೆಗೆದು ಕುದಿಸಿ, ಆಮೇಲೆ ಕುಕ್ಕರ್ ಮುಚ್ಚುತ್ತೇನೆ.

ಒಣ ಕಾಳು ಮೊದಲ ಸಲ ನನ್ನ ಮಾನ ಕಳೆಯಿತು. ರಾತ್ರಿಯೆಲ್ಲ ನೆನೆದಿತ್ತು, ಐದು ಸೀಟಿ ಕೂಗಿಸಿದೆ, ಕಾಳು ಇನ್ನೂ ಗೋಲಿಯ ಹಾಗೇ! ಬೇಯಿಸಿದ್ದು ಬೋರಿನ ನೀರಲ್ಲಿ, ಹುಣಸೆಹುಳಿಯನ್ನೂ ಮೊದಲೇ ಹಾಕಿದ್ದೆ. ಗಡಸು ನೀರಿನ ಸುಣ್ಣದಂಶ ಕಾಳನ್ನು ಬಿಗಿ ಮಾಡುತ್ತದೆ, ಹುಳಿಯೂ ಅಷ್ಟೇ. ಮರುದಿನ ನಲ್ಲಿ ನೀರು ತೆಗೆದುಕೊಂಡೆ, ನೆನೆಸಿದ ನೀರು ಚೆಲ್ಲಿದೆ, ಹುಳಿ ಕೊನೆಗೆ ಹಾಕಿದೆ. ಮೂರು ಸೀಟಿಗೆ ಮುಗಿಯಿತು. ಒಂದು ಲೋಟ ಕಾಳು ಎರಡೂವರೆ ಲೋಟ ಆಗುತ್ತದೆ, ಲಾಭ ಅಲ್ವಾ? ಹಳೇ ಕಾಳಾದರೆ ಇನ್ನೂ ಹೊತ್ತು ಬೇಕು. ಹುಳ ಬೀಳದಂತೆ ಅತ್ತೆ ಔಡಲೆಣ್ಣೆ ಸವರಿ ಡಬ್ಬಿಗೆ ತುಂಬುತ್ತಾರೆ. ನಾನು ಒಂದು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ತುಂಬುತ್ತೇನೆ, ಜಿಡ್ಡು ತೊಳೆಯುವ ರಗಳೆ ಇಲ್ಲ.

ಒಣ ಕಾಳಲ್ಲಿ ಪ್ರೋಟೀನ್ ಜಾಸ್ತಿ ಅನ್ನುವವರಿದ್ದಾರೆ. ನೂರು ಗ್ರಾಂ ಒಣಗಿದ್ದರಲ್ಲಿ ಸುಮಾರು 21 ಗ್ರಾಂ ಇರುವುದು ನಿಜ. ಆದರೆ ನೀರು ಕುಡಿದು ಬೆಂದ ಮೇಲೆ ನೂರು ಗ್ರಾಮಿಗೆ 8 ಗ್ರಾಂ, ನಾರು 7 ಗ್ರಾಂ, ಸುಮಾರು 115 ಕ್ಯಾಲೊರಿ. ತಟ್ಟೆಗೆ ಬರುವುದು ಬೆಂದ ಕಾಳು ತಾನೇ.

ಮೂರನೆಯದು, ಹಸಿ ಕಾಳನ್ನು ಮೂರು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯಲ್ಲಿ ಒರೆಸಿ ಫ್ರೀಜರಿನಲ್ಲಿಟ್ಟಿದ್ದು. ಬಣ್ಣ ಹಾಗೇ ಉಳಿಯಿತು. ಬಾಣಲೆಗೆ ಬಿದ್ದ ಮೇಲೆ ಮಾತ್ರ ಸಿಪ್ಪೆ ಬಿಟ್ಟು ಮುದ್ದೆಯಾಯಿತು. ಅತ್ತೆ ಒಂದು ತುತ್ತು ತಿಂದು, "ಇದನ್ನ ಸಾರಿಗೆ ಹಾಕವ್ವ, ಪಲ್ಯಕ್ಕೆ ಬ್ಯಾಡ" ಅಂದರು. ಉಳಿದರ್ಧ ಪೊಟ್ಟಣ ರಾತ್ರಿಯ ಸಾರಿಗೆ ಹೋಯಿತು. ಅದಕ್ಕೆ ಎರಡನೇ ಸಲ ಸೌಟು ಹಿಡಿದವರೂ ಅವರೇ.